ನಾಲ್ಕು ಸ್ಟಿಕ್ ಹಾಕಿದ ಮ್ಯಾಲ ನೀಲಿ ಸ್ಕ್ರೀನ್: ರ‍್ಯಾಮ್ ಕೆಟ್ಟದೇನು, ಸೆಟ್ಟಿಂಗ್ ತಪ್ಪೇನು?

ತೊಗರಿ_ಡಿಟಿಪಿ, ಕಲಬುರಗಿ

ಎಲ್ಲಾರಿಗೂ ಶರಣು. ಮದುವಿ ಆಲ್ಬಮ್ ಡಿಸೈನ್ ಮಾಡೋ ಪಿಸಿ ಇದು. 16 ಜಿಬಿ ಸಾಲಲಾರದ್ದಕ್ಕ ಹೋದ ವಾರ 32 ಮಾಡೀನಿ. ಅವತ್ತಿಂದ ದಿನಕ್ಕ ಎರಡು-ಮೂರು ಸಲ ನೀಲಿ ಸ್ಕ್ರೀನ್ ಬರ್ಲಕತ್ತದ.

ಸಾಮಾನು: ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ನಾಲ್ಕು ಸ್ಲಾಟ್. ಹಳೇವು 8 ಜಿಬಿಯ ಎರಡು ಸ್ಟಿಕ್, ಡಿಡಿಆರ್4 3200 (ಸ್ಪೀಡ್), ಸಿಎಲ್16 (ಡೇಟಾ ಕೇಳಿದ ಮ್ಯಾಲ ಕಾಯೋ ಕ್ಲಾಕ್ ಎಣಿಕಿ). ಹೊಸಾವೂ ಎರಡು, ಅದೇ ಕಂಪನಿ, ಅದೇ ಮಾಡೆಲ್. ಚೀಟಿ ಮ್ಯಾಲಿನ ನಂಬರ್ ಅಕ್ಷರಕ್ಕ ಅಕ್ಷರ ಅದೇ ಅದ. ಎಕ್ಸ್‌ಎಂಪಿ (ಚೀಟಿ ಮ್ಯಾಲಿನ ಪೂರ್ತಿ ಸ್ಪೀಡಿಗೆ ರ‍್ಯಾಮ್ ಓಡಿಸೋ ರೆಡಿ ಸೆಟ್ಟಿಂಗ್) ಆನ್ ಇಟ್ಟೀನಿ.

ನೀಲಿ ಸ್ಕ್ರೀನಿನ ಕೋಡ್ ಸಲಕ್ಕೊಂದು ಬ್ಯಾರೆ. ಒಮ್ಮೆ ಮೆಮರಿ ಮ್ಯಾನೇಜ್‌ಮೆಂಟ್, ಒಮ್ಮೆ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಒಮ್ಮೆ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. ಸೇವ್ ಮಾಡಿದ ಎರಡು ಜೆಪೆಗ್‌ನಾಗ ಅಡ್ಡಕ್ಕ ಬಣ್ಣದ ಪಟ್ಟಿ ಬಂದಾವ. ಜಿಪ್ ಬಿಚ್ಚಿದ್ರ ಸಿಆರ್‌ಸಿ ಎರರ್ (ಫೈಲ್ ತಾಳೆ ಆಗಲಿಲ್ಲ ಅಂತ), ಅದೇ ಜಿಪ್ ಮತ್ತೊಮ್ಮೆ ಬಿಚ್ಚಿದ್ರ ಬರೋಬರ್ ಬಿಚ್ತದ.

ವಿಂಡೋಸ್ ಮೆಮರಿ ಡಯಾಗ್ನಾಸ್ಟಿಕ್ ಏನೂ ತಪ್ಪಿಲ್ಲ ಅಂತು. ಮೆಮ್‌ಟೆಸ್ಟ್86 (ವಿಂಡೋಸ್ ಹೊರಗ ರ‍್ಯಾಮ್ ಪರೀಕ್ಷಾ ಮಾಡೋ ಸಾಫ್ಟ್‌ವೇರ್) ನಾಲ್ಕೂ ಸ್ಟಿಕ್ ಇಟ್ಟು ಓಡಿಸಿದ್ರ 7ನೇ ಟೆಸ್ಟ್‌ನಾಗ 14 ಎರರ್. ಇನ್ನೊಂದು ಏನಂದ್ರ, ಕೆಲವು ದಿನ ಮುಂಜಾನೆ ಚಾಲೂ ಮಾಡಿದಾಗ ಗಡಿಯಾರ ಹಿಂದ ಹೋಗಿರ್ತದ. ಅಂಥ ದಿನ ಸಂಜೀತನ ಒಂದೂ ಎರರ್ ಬರಂಗಿಲ್ಲ.

ಅಂಗಡ್ಯಾವ್ರು "ಯಾವ ಸ್ಟಿಕ್ ಕೆಟ್ಟದ ತೋರಿಸ್ರಿ, ಬದಲಿ ಕೊಡ್ತೀವಿ" ಅಂದಾರ. ಯಾವ್ದು ಅಂತ ಹೆಂಗ ಹುಡುಕೂದು?

ಭೀಮಾದಂಡೆ, ಯಾದಗಿರಿ

ವರ್ಚುವಲ್ ಮೆಮರಿ ಹೆಚ್ಚು ಮಾಡಿ ನೋಡ್ರಿ ಅಣ್ಣಾ. ಕಂಟ್ರೋಲ್ ಪ್ಯಾನೆಲ್‌ನಾಗ ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕಿನ ಜಾಗ) 16 ಜಿಬಿ ಕೊಟ್ರ ಮೆಮರಿ ಎರರ್ ನಿಂದರ್ತಾವ. ಟೆಂಪ್ ಫೋಲ್ಡರೂ ಸಾಫ್ ಮಾಡ್ರಿ.

ಬೀದರ್_ಬೆಂಚ್, ಬೀದರ್

ಭೀಮಾದಂಡೆಯವರು ಹೇಳಿದ್ದು "ಔಟ್ ಆಫ್ ಮೆಮರಿ" ಅಂತ ಬಂದಾಗ ಮಾಡುವ ಕೆಲಸ. ಅಲ್ಲಿ ಜಾಗ ಸಾಲದ್ದು ತೊಂದರೆ. ಇಲ್ಲಿ ಬರೆದದ್ದೊಂದು, ಓದಿದಾಗ ಬರುವುದು ಇನ್ನೊಂದು. ಅದಕ್ಕೆ ಪೇಜ್ ಫೈಲ್ ಮದ್ದಲ್ಲ. ಅದೇ ಜಿಪ್ ಒಮ್ಮೆ ಕೆಟ್ಟು ಒಮ್ಮೆ ಸರಿಯಾಗಿ ಬಿಚ್ಚುತ್ತೆ ಅಂದರೆ ಡಿಸ್ಕಿನಲ್ಲಿರುವ ಫೈಲ್ ಸರಿಯಿದೆ, ದಾರಿಯಲ್ಲಿ ಬಿಟ್ ಹಾಳಾಗುತ್ತಿದೆ. ನೀಲಿ ಸ್ಕ್ರೀನಿನ ಕೋಡ್ ಸಲಕ್ಕೊಂದು ಬದಲಾಗುವುದೂ ಅದನ್ನೇ ಹೇಳುತ್ತೆ. ಪ್ರತಿ ಸಲ ಒಂದೇ ಕೋಡ್, ಒಂದೇ ಡ್ರೈವರ್ ಹೆಸರು ಬಂದಿದ್ದರೆ ಮೊದಲು ಆ ಡ್ರೈವರ್ ಹಿಡಿಯಬೇಕಿತ್ತು.

ಈಗ ನಿಮ್ಮ ಗಡಿಯಾರದ ಸುದ್ದಿ. ಅದು ವಿಚಿತ್ರ ಅಲ್ಲ, ಅದೇ ನಿಮಗೆ ಸಿಕ್ಕಿರುವ ದೊಡ್ಡ ಸುಳಿವು. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತೀರಿ ಅನ್ನಿಸುತ್ತೆ. ಬೋರ್ಡಿನ ಸಿಆರ್2032 ಬ್ಯಾಟರಿ ಸೋತಿದೆ. ಕರೆಂಟ್ ಪೂರ್ತಿ ಹೋದಾಗ ಗಡಿಯಾರದ ಜೊತೆ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಸೆಟ್ಟಿಂಗೂ ಅಳಿಸಿ, ಎಕ್ಸ್‌ಎಂಪಿ ಆಫ್ ಆಗಿ ರ‍್ಯಾಮ್ 2133ಕ್ಕೋ 2400ಕ್ಕೋ ಇಳಿಯುತ್ತೆ. ಆ ದಿನ ಎರರ್ ಇಲ್ಲ. ಮುಂದಿನ ಸಲ ಅಂಥ ದಿನ ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮರಿ ತೆಗೆದು ಸ್ಪೀಡ್ ಎಷ್ಟಿದೆ ನೋಡಿ. ಸಿಪಿಯು-ಝಡ್‌ನಲ್ಲಿ (ಪಿಸಿಯ ಬಿಡಿಭಾಗಗಳ ವಿವರ ತೋರಿಸುವ ತಂತ್ರಾಂಶ) ನೋಡಿದರೆ ಅರ್ಧ ತೋರಿಸುತ್ತೆ, ಹೆದರಬೇಡಿ. ಡಿಡಿಆರ್ ಅಂದರೆ ಒಂದು ಬಡಿತಕ್ಕೆ ಎರಡು ಸಲ ಡೇಟಾ, ಹಾಗಾಗಿ ಅಲ್ಲಿ 1600 ಅಂದರೆ ಇಲ್ಲಿ 3200.

ಅಂಗಡಿಯವರ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆ ಪ್ರಶ್ನೆಯೇ ಸರಿಯಿದೆಯಾ ನೋಡಬೇಕು. ಒಂದು ಸ್ಟಿಕ್ ಒಂಟಿಯಾಗಿ, ಎಕ್ಸ್‌ಎಂಪಿ ಆಫ್ ಇಟ್ಟು, 1.2 ವೋಲ್ಟ್‌ನಲ್ಲಿ ತಪ್ಪಿದರೆ ಮಾತ್ರ ಅದನ್ನು ಕೆಟ್ಟದ್ದು ಅನ್ನಬಹುದು. ಒಂಟಿಯಾಗಿ ಎಕ್ಸ್‌ಎಂಪಿಯಲ್ಲಿ ತಪ್ಪಿದರೆ ಚೀಟಿಯ ಮೇಲಿನ ಮಾತು ಉಳಿಸಿಕೊಂಡಿಲ್ಲ, ಅದಕ್ಕೂ ಬದಲಿ ಕೇಳಬಹುದು. ಒಂಟಿಯಾಗಿ ಎರಡರಲ್ಲೂ ಪಾಸಾಗಿ ನಾಲ್ಕೂ ಸೇರಿದಾಗ ತಪ್ಪಿದರೆ ಸ್ಟಿಕ್‌ನ ತಪ್ಪಿಲ್ಲ, ಹೊರೆ ಜಾಸ್ತಿಯಾಗಿದೆ.

ಮಾಡುವ ಕ್ರಮ:

1. ಬಯಾಸ್‌ನಲ್ಲಿ ಡಿಫಾಲ್ಟ್ ಲೋಡ್ ಮಾಡಿ. ಪಿಸಿ ಆಫ್, ಗೋಡೆಯ ಸ್ವಿಚ್ ಆಫ್, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ.
2. ನಾಲ್ಕೂ ಸ್ಟಿಕ್ ತೆಗೆದು ಹಳೆ-1, ಹಳೆ-2, ಹೊಸ-1, ಹೊಸ-2 ಅಂತ ಬರೆದ ಕಾಗದದ ಟೇಪ್ ಅಂಟಿಸಿ. ಕಂಪನಿಯ ಚೀಟಿ ಕೀಳಬೇಡಿ, ವಾರಂಟಿ ಹೋಗುತ್ತೆ.
3. ಒಂದೊಂದನ್ನೇ ಎ2 ಸ್ಲಾಟಿಗೆ ಹಾಕಿ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು. ನಾಲ್ಕಕ್ಕೂ ಅದೇ ಸ್ಲಾಟ್, ಬದಲಿಸಬೇಡಿ. ಇಲ್ಲದಿದ್ದರೆ ಸ್ಲಾಟ್ ಕೆಟ್ಟಿದೆಯೋ ಸ್ಟಿಕ್ ಕೆಟ್ಟಿದೆಯೋ ತಿಳಿಯಲ್ಲ.
4. ಮೆಮ್‌ಟೆಸ್ಟ್86 ನಾಲ್ಕು ಪಾಸ್ (ಪೂರ್ತಿ ಸುತ್ತು). ಉಚಿತ ಆವೃತ್ತಿ ನಾಲ್ಕಕ್ಕೇ ನಿಲ್ಲುತ್ತೆ, ಸಾಕು. 8 ಜಿಬಿಗೆ ಎರಡು-ಮೂರು ಗಂಟೆ ಹಿಡಿಯಬಹುದು.
5. ಎಕ್ಸ್‌ಎಂಪಿ ಆನ್ ಮಾಡಿ ಇನ್ನೊಮ್ಮೆ.
6. ಆಮೇಲೆ ಹಳೇ ಜೋಡಿ ಎ2, ಬಿ2ನಲ್ಲಿ. ಹೊಸ ಜೋಡಿ ಅದೇ ಎರಡರಲ್ಲಿ.
7. ಪಾಸಾದ ಒಂದು ಸ್ಟಿಕ್ ಹಿಡಿದು ಉಳಿದ ಮೂರು ಸ್ಲಾಟಿಗೂ ಒಂದೊಂದು ಪಾಸ್.

ಒಂದೇ ಒಂದು ಎರರ್ ಬಂದರೂ ಫೇಲ್. "14 ತಾನೇ, ಕಡಿಮೆ" ಅನ್ನುವ ಲೆಕ್ಕ ಇಲ್ಲಿಲ್ಲ. ಒಂದು ವಿನಾಯಿತಿ ಉಂಟು: 13ನೇ ಹ್ಯಾಮರ್ ಟೆಸ್ಟ್‌ನಲ್ಲಿ ಮಾತ್ರ ಎರರ್ ಬಂದು ಉಳಿದವು ಶುದ್ಧವಿದ್ದರೆ, ನಿಮ್ಮ ನೀಲಿ ಸ್ಕ್ರೀನಿಗೆ ಅದೇ ಕಾರಣ ಅಂತ ತೀರ್ಮಾನ ಮಾಡಬೇಡಿ. ಒಂದೇ ಸಾಲಿಗೆ ಬಿಡದೆ ಬಡಿದು ಪಕ್ಕದ ಸಾಲು ಅಲುಗುತ್ತಾ ನೋಡುವ ಪರೀಕ್ಷೆ ಅದು.

ವಿಂಡೋಸ್ ಡಯಾಗ್ನಾಸ್ಟಿಕ್ ಎರರ್ ತೋರಿಸಿದರೆ ನಂಬಿ. "ಇಲ್ಲ" ಅಂದರೆ ನಂಬಬೇಡಿ. ಅದು ಶುರುವಾದಾಗ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸದಿದ್ದರೆ ಮೇಲೆ ಮೇಲೆ ಸವರಿ ಬಿಡುತ್ತೆ.

ಅಷ್ಟರಲ್ಲಿ ಇನ್ನೊಂದು ಕೆಲಸ. ಸಿಪಿಯು-ಝಡ್‌ನ ಎಸ್‌ಪಿಡಿ ಟ್ಯಾಬಿನಲ್ಲಿ ನಾಲ್ಕೂ ಸ್ಲಾಟಿನ ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು ಒಂದೋ ಎರಡೋ) ಮತ್ತು ತಯಾರಾದ ವಾರ-ವರ್ಷ ಬರೆದು ಹಾಕಿ. ಚೀಟಿ ಒಂದೇ ಅಂದರೆ ಒಳಗಿನ ಚಿಪ್ ಒಂದೇ ಅಂತಲ್ಲ. ಮಾಡೆಲ್ ನಂಬರ್ ಹಾಗೇ ಇಟ್ಟು ಚಿಪ್ ಬದಲಿಸುವುದು ರ‍್ಯಾಮ್ ವ್ಯಾಪಾರದಲ್ಲಿ ಮಾಮೂಲು.

ತೀರ್ಮಾನ ಆಗುವವರೆಗೆ ಈ ಪಿಸಿಯಲ್ಲಿ ಗಿರಾಕಿಯ ಕೆಲಸ ಬೇಡ. ಮಾಡಲೇಬೇಕಿದ್ದರೆ ಹಳೇ ಜೋಡಿ ಮಾತ್ರ ಇಟ್ಟು ಮಾಡಿ. ಹಳೇ ಬ್ಯಾಕಪ್ ಮೇಲೆ ಹೊಸದು ಬರೆಯಬೇಡಿ.

ಬೆಸುಗೆ_ಕೈ, ಕಲಬುರಗಿ

ಬೀದರ್ ಸರ್ ಹೇಳಿದ್ದು ಬರೋಬರ್ ಅದ. ಕೈಗೆಲಸದ ನಾಲ್ಕು ಮಾತು ನಂದೂ ಸೇರಿಸ್ತೀನಿ.

ಸ್ಟಿಕ್ ಕೈಗೆ ತಗೊಳ್ಳಕ್ಕಿಂತ ಮೊದಲು ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣ ಮುಟ್ರಿ. ನಮ್ಮ ಕಡಿ ಬ್ಯಾಸಿಗಿ ಒಣ ಹವಾ, ಪಾಲಿಸ್ಟರ್ ಅಂಗಿ, ಪ್ಲಾಸ್ಟಿಕ್ ಕುರ್ಚಿ ಸೇರಿದ್ರ ಸ್ಟ್ಯಾಟಿಕ್ ಜೋರ್ ಇರ್ತದ. ನಿಮಗ ಚುರ್ ಅನ್ನೂಕಿಂತ ಎಷ್ಟೋ ಕಡಿಮಿ ಚಾರ್ಜಿಗೇ ಚಿಪ್ ಪೆಟ್ಟು ತಿಂತದ.

ಬಂಗಾರ ಬಣ್ಣದ ಹಲ್ಲು ಒರಸೂದಕ್ಕ ಐಸೊಪ್ರೊಪೈಲ್ ಆಲ್ಕೊಹಾಲ್, 99 ಪರ್ಸೆಂಟಿಂದು, ನೂಲು ಬಿಡದ ಬಟ್ಟಿ. ಬಿಳಿ ರಬ್ಬರಿಂದ ತಿಕ್ಕೂದು ಎಲ್ಲಾ ಅಂಗಡ್ಯಾಗೂ ನಡೀತದ. ತಿಕ್ಕಿದ್ರ ಮೆಲ್ಲಗ ತಿಕ್ರಿ, ಅದರ ಪುಡಿ ಒಂದು ಕಣನೂ ಸ್ಲಾಟಿಗೆ ಹೋಗಬಾರದು. ಬಾಯಿಲಿ ಊದಬ್ಯಾಡ್ರಿ, ಉಗುಳು ಸಿಡೀತದ. ಬ್ಲೋವರ್ ಹಿಡಿಯೋ ಮುಂದ ಫ್ಯಾನಿನ ರೆಕ್ಕಿ ಬಳ್ಳಿನಿಂದ ಒತ್ತಿ ಹಿಡೀರಿ.

ಕೂಲರ್ ವಿಷಯ ಯಾರೂ ಹೇಳಂಗಿಲ್ಲ. ನೀರಿನ ಏರ್ ಕೂಲರ್ ಎದುರಿಗೆ ಕ್ಯಾಬಿನೆಟ್ ಇಟ್ಟಿದ್ರ ತೆಗೀರಿ. ತ್ಯಾವದ ಗಾಳಿ, ಮ್ಯಾಲ ಧೂಳು, ಎರಡೂ ಕೂಡಿ ಹಲ್ಲಿನ ಮ್ಯಾಲ ಮಬ್ಬು ಪದರ ಕಟ್ತದ. ಸ್ಟಿಕ್ ಚಲೋನೇ ಇರ್ತದ, ಕಾಂಟ್ಯಾಕ್ಟ್ ಮಾತ್ರ ಬಿಟ್ಟು ಬಿಟ್ಟು ಹತ್ತತದ.

ಇನ್ನ ಬಿಸಿಲು. ಕಲಬುರಗಿ ಮೇ ತಿಂಗಳ್ದಾಗ ಹೊರಗ 42 ಡಿಗ್ರಿ ಅಂದ್ರ ಕ್ಯಾಬಿನೆಟ್ ಒಳಗ 50 ದಾಟ್ತದ, ಗ್ರಾಫಿಕ್ ಕಾರ್ಡಿನ ಬಿಸಿ ಗಾಳಿ ಸೀದಾ ಸ್ಟಿಕ್ಕಿಗೆ ಬಡೀತದ. ರ‍್ಯಾಮ್ ಸೆಲ್ ಅಂದ್ರ ಸಣ್ಣ ಕೆಪಾಸಿಟರ್, ಚಾರ್ಜ್ ಸೋರ್ತಾನೇ ಇರ್ತದ. ಬಿಸಿ ಏರಿದಂಗ ಸೋರೂದು ಜಾಸ್ತಿ. ಡಿಡಿಆರ್4ಗೆ ರಿಫ್ರೆಶ್ (ಚಾರ್ಜ್ ಮತ್ತ ತುಂಬೂದು) ಅಂತರ 7.8 ಮೈಕ್ರೊಸೆಕೆಂಡ್, ಚಿಪ್ 85 ಡಿಗ್ರಿ ದಾಟಿದ್ರ ಅದನ್ನ ಅರ್ಧಕ್ಕ, 3.9ಕ್ಕ ಇಳಿಸಬೇಕು ಅಂತ ನಿಯಮನೇ ಅದ. ಅದಕ್ಕ ರಾತ್ರಿ ಫ್ಯಾನ್ ಹಾಕಿ, ಸೈಡ್ ಬಾಗಿಲ ಬಿಚ್ಚಿ ಪಾಸ್ ಆದ ಸೆಟ್ಟಿಂಗ್ ಮಧ್ಯಾಹ್ನ ಎರಡಕ್ಕ ಬೀಳ್ತದ. ಕಡೀ ಪರೀಕ್ಷಾ ಬಾಗಿಲ ಮುಚ್ಚಿ, ಹಗಲಿಗೇ ಮಾಡ್ರಿ. ವಿಂಡೋಸ್ ಒಳಗ ಟೆಸ್ಟ್‌ಮೆಮ್5 (ಇನ್ನೊಂದು ರ‍್ಯಾಮ್ ಪರೀಕ್ಷಾ ಸಾಫ್ಟ್‌ವೇರ್) ಓಡಿಸಿ, ಜೋಡೀಗೆ ಗ್ರಾಫಿಕ್ ಕಾರ್ಡಿಗೂ ಲೋಡ್ ಕೊಡ್ರಿ. ಮೆಮ್‌ಟೆಸ್ಟ್86 ಬರೇ ಪಾಸ್ ಅಂದ್ರ ನನಗ ಸಮಾಧಾನ ಇಲ್ಲ, ಅದರಾಗ ಗ್ರಾಫಿಕ್ ಕಾರ್ಡ್ ಸುಮ್ನೆ ಕುಂತಿರ್ತದ.

ತೊಗರಿ_ಡಿಟಿಪಿ, ಕಲಬುರಗಿ

ಮೂರು ದಿನ ಹಿಡೀತು. ಫಲಿತಾಂಶ ಹಿಂಗ ಅದ:

ಒಂಟಿ, ಡಿಫಾಲ್ಟ್: ನಾಲ್ಕೂ ಪಾಸ್.
ಒಂಟಿ, ಎಕ್ಸ್‌ಎಂಪಿ 3200: ನಾಲ್ಕೂ ಪಾಸ್.
ಹಳೇ ಜೋಡಿ 3200: ಪಾಸ್. ಹೊಸ ಜೋಡಿ 3200: ಪಾಸ್.
ನಾಲ್ಕೂ ಸ್ಲಾಟ್: ಚಲೋ ಅವ.
ನಾಲ್ಕೂ ಕೂಡಿ ಡಿಫಾಲ್ಟ್: ಪಾಸ್. ನಾಲ್ಕೂ ಕೂಡಿ 3200: ಎರಡನೇ ಪಾಸಿನ್ಯಾಗ 9 ಎರರ್.

ಸಿಪಿಯು-ಝಡ್ ಪ್ರಕಾರ ಹಳೇವು 2019ರವು, ಡ್ಯುಯಲ್ ರ‍್ಯಾಂಕ್, ಎರಡೂ ಮಗ್ಗಲಿಗೆ ಎಂಟೆಂಟು ಚಿಪ್. ಹೊಸಾವು ಸಿಂಗಲ್ ರ‍್ಯಾಂಕ್, ಒಂದೇ ಮಗ್ಗಲಿಗೆ ಎಂಟು. ಎಕ್ಸ್‌ಎಂಪಿ ಟೈಮಿಂಗ್ ಹಳೇದಕ್ಕ 16-18-18-36, ಹೊಸದಕ್ಕ 16-20-20-38. ಬಯಾಸ್‌ನಾಗ ಟಿಆರ್‌ಎಫ್‌ಸಿ (ಒಂದು ರಿಫ್ರೆಶ್‌ಗೆ ಬಿಡೋ ಕ್ಲಾಕ್ ಎಣಿಕಿ) 416 ತೋರಿಸ್ತದ. ಗಡಿಯಾರ ಹಿಂದ ಹೋದ ದಿನ ಸ್ಪೀಡ್ 2133 ಇತ್ತು, ನೀವು ಹೇಳಿದ್ದು ಖರೆ. ಏರ್ ಕೂಲರೂ ಕ್ಯಾಬಿನೆಟ್ ಎದುರಿಗೇ ಇತ್ತು, ಸರಿಸೀನಿ.

ಈಗ ಏನ್ ಮಾಡ್ಲಿ? ಹೊಸಾವು ವಾಪಸ್ ಕೊಡ್ಲೇನು?

ಬೀದರ್_ಬೆಂಚ್, ಬೀದರ್

ಕೆಟ್ಟ ಸ್ಟಿಕ್ ಯಾವುದೂ ಇಲ್ಲ. ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗಬೇಡಿ.

ಹಳೆಯದು 8 ಜಿಬಿಗೆ ಹದಿನಾರು ಚಿಪ್, ಅಂದರೆ ಒಂದೊಂದು ಚಿಪ್ 4 ಗಿಗಾಬಿಟ್. ಹೊಸದು ಎಂಟೇ ಚಿಪ್, ಒಂದೊಂದು 8 ಗಿಗಾಬಿಟ್. ಒಂದು ರಿಫ್ರೆಶ್ ಮುಗಿಸಲು 4 ಗಿಗಾಬಿಟ್ ಚಿಪ್ಪಿಗೆ ಡಿಡಿಆರ್4 ಮಾನದಂಡ ಕೊಡುವ ಸಮಯ 260 ನ್ಯಾನೊಸೆಕೆಂಡ್, 8 ಗಿಗಾಬಿಟ್ ಚಿಪ್ಪಿಗೆ 350. 3200ರಲ್ಲಿ ಒಂದು ಕ್ಲಾಕ್ ಅಂದರೆ 0.625 ನ್ಯಾನೊಸೆಕೆಂಡ್. ನಿಮ್ಮ 416ನ್ನು ಅದಕ್ಕೆ ಗುಣಿಸಿ: ಸರಿಯಾಗಿ 260. ಬೋರ್ಡ್ ಹಳೇ ಸ್ಟಿಕ್ಕಿನ ಲೆಕ್ಕ ಹಿಡಿದು ಹೊಸದನ್ನೂ ಅದೇ ಓಟಕ್ಕೆ ಹಚ್ಚಿದೆ. ಹೊಸ ಚಿಪ್‌ನ ರಿಫ್ರೆಶ್ ಮುಗಿಯುವ ಮೊದಲೇ ಮುಂದಿನ ಆಜ್ಞೆ ಬಂದು ಬೀಳುತ್ತಿದೆ. ಹೊಸ ಜೋಡಿ ಒಂದೇ ಇದ್ದಾಗ ಬೋರ್ಡ್ ಅದರದ್ದೇ 350 ಹಿಡಿದಿರುತ್ತೆ, ಅದಕ್ಕೇ ಪಾಸಾಯಿತು. ಎಲ್ಲ ಸ್ಟಿಕ್‌ಗಳ ಪೈಕಿ ದೊಡ್ಡ ಸಂಖ್ಯೆ ಹಿಡಿಯುವುದು ಬೋರ್ಡಿನ ಕೆಲಸ. ಹಿಡಿಯದಿದ್ದರೆ ನಾವೇ ಕೈಯಾರೆ ಬರೆಯಬೇಕು.

ಇಷ್ಟು ಸರಿಮಾಡಿದ ಮೇಲೂ 3200 ಕೇಳುವುದು ಅತಿ ಆಸೆ. ರೈಜನ್ 3000 ಸರಣಿಗೆ ಎಎಂಡಿ ಹೇಳಿರುವ ಮಿತಿ: ಎರಡು ಸ್ಟಿಕ್ ಇದ್ದರೆ 3200, ನಾಲ್ಕು ಸಿಂಗಲ್ ರ‍್ಯಾಂಕ್ ಇದ್ದರೆ 2933, ನಾಲ್ಕು ಡ್ಯುಯಲ್ ರ‍್ಯಾಂಕ್ ಇದ್ದರೆ 2667. ಪ್ರೊಸೆಸರ್ ಒಳಗಿನ ಮೆಮರಿ ಕಂಟ್ರೋಲರ್ ಒಂದೇ ತಂತಿಯ ಮೇಲೆ ಎಷ್ಟು ಚಿಪ್ ಎಳೆಯಬೇಕು ಅನ್ನುವುದರ ಲೆಕ್ಕ ಅದು. ನಿಮ್ಮದು ಬೆರಕೆ. ಬೆರಕೆಯಲ್ಲಿ ಕೆಳಗಿನ ಮಿತಿಯನ್ನೇ ಹಿಡಿಯಿರಿ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ ಇವನ್ನು ಬರೆಯಿರಿ:

ಮೆಮರಿ ಫ್ರೀಕ್ವೆನ್ಸಿ 2666
ಸಿಎಲ್ 16, ಉಳಿದವು 20-20-38. ಸಡಿಲವಾದ ಸ್ಟಿಕ್ಕಿನದ್ದನ್ನೇ ಹಿಡಿಯಬೇಕು.
ಟಿಆರ್‌ಎಫ್‌ಸಿ 468. 2666ರಲ್ಲಿ ಇದು 350 ನ್ಯಾನೊಸೆಕೆಂಡ್ ದಾಟುತ್ತೆ. ಟಿಆರ್‌ಎಫ್‌ಸಿ2, 4 ಆಟೊ.
ಡ್ರ್ಯಾಮ್ ವೋಲ್ಟೇಜ್ 1.35
ಗೇರ್‌ಡೌನ್ ಮೋಡ್ ಎನೇಬಲ್
ಎಸ್‌ಒಸಿ ವೋಲ್ಟೇಜ್ (ಮೆಮರಿ ಕಂಟ್ರೋಲರ್ ಭಾಗಕ್ಕೆ ಹೋಗುವುದು) ಆಟೊದಲ್ಲಿ ಎಷ್ಟಿದೆ ನೋಡಿ. 1.1 ಇದ್ದರೆ ಮುಟ್ಟಬೇಡಿ. ಯಾವ ವಿಡಿಯೊ ನೋಡಿಯೂ 1.2 ದಾಟಿಸಬೇಡಿ.
ಎಫ್‌ಸಿಎಲ್‌ಕೆ (ಪ್ರೊಸೆಸರ್ ಒಳಗಿನ ಸಂಪರ್ಕದ ಕ್ಲಾಕ್) ಆಟೊ. 2666ಕ್ಕೆ ತಾನೇ 1333 ಹಿಡಿಯುತ್ತೆ.

ಸೇವ್ ಮಾಡಿದ ಮೇಲೆ ಸ್ಕ್ರೀನ್ ಕಪ್ಪಾಗಿ ಎರಡು-ಮೂರು ಸಲ ತಾನೇ ಆಫ್-ಆನ್ ಆದರೆ ಗಾಬರಿ ಬೇಡ. ಅದು ಮೆಮರಿ ಟ್ರೇನಿಂಗ್, ಅಂದರೆ ಹೊಸ ಸೆಟ್ಟಿಂಗಿಗೆ ಬೋರ್ಡ್ ಹೊಂದಿಸಿಕೊಳ್ಳುವುದು. ಐದು ನಿಮಿಷವಾದರೂ ಬರದಿದ್ದರೆ ಪ್ಲಗ್ ಕಿತ್ತು, ಕ್ಲಿಯರ್ ಸಿಮಾಸ್ ಅಂತ ಬರೆದಿರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ 10 ಸೆಕೆಂಡ್ ಜೋಡಿಸಿ ಹಿಡಿಯಿರಿ.

3200ರಿಂದ 2666ಕ್ಕೆ ಇಳಿದರೆ ಎರಡು ಚಾನೆಲ್ ಸೇರಿ ಗರಿಷ್ಠ 51.2 ಇದ್ದದ್ದು ಸೆಕೆಂಡಿಗೆ ಸುಮಾರು 42.7 ಜಿಬಿ ಆಗುತ್ತೆ. ಸಿಎಲ್ ಲೆಕ್ಕದಲ್ಲಿ 10 ನ್ಯಾನೊಸೆಕೆಂಡ್ ಇದ್ದದ್ದು 12. ಗೇಮ್ ಆಡುವವರು ಅಳುತ್ತಾರೆ. ಆಲ್ಬಮ್ ಕೆಲಸಕ್ಕೆ 16 ಜಿಬಿ ತುಂಬಿ ಎಸ್‌ಎಸ್‌ಡಿಗೆ ಉಕ್ಕುವುದು ಇದಕ್ಕಿಂತ ಎಷ್ಟೋ ಪಟ್ಟು ನಿಧಾನ. ಹಾಗಾಗಿ 32 ಇಟ್ಟುಕೊಳ್ಳಿ. ವೇಗವೇ ಬೇಕು ಅನ್ನುವುದಾದರೆ ನಾಲ್ಕನ್ನೂ ಮಾರಿ 16 ಜಿಬಿಯ ಎರಡು ಸ್ಟಿಕ್, ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಬಂದದ್ದು ತನ್ನಿ.

ಭೀಮಾದಂಡೆ, ಯಾದಗಿರಿ

ಪೇಜ್ ಫೈಲ್ ಮಾತು ವಾಪಸ್ ತಗೊಂಡೆ. ನಡುವ ಒಂದು ಪ್ರಶ್ನೆ: ಇಲ್ಲಿ ಒಂದು ಪಿಸಿ 8 ಜಿಬಿ ಹಾಕಿದ್ರ "5.9 ಜಿಬಿ ಯೂಸೇಬಲ್" ಅಂತದ. ರೈಜನ್ 5 3400ಜಿ, ಗ್ರಾಫಿಕ್ ಕಾರ್ಡ್ ಇಲ್ಲ. ಇದೂ ರ‍್ಯಾಮ್ ದೋಷನೇನು?

ಬೆಸುಗೆ_ಕೈ, ಕಲಬುರಗಿ

ಅಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ 2 ಜಿಬಿ ಎತ್ತಿಟ್ಟದ. ಬಯಾಸ್‌ನಾಗ ಯುಎಂಎ ಫ್ರೇಮ್ ಬಫರ್ ಸೈಜ್ ಹುಡುಕಿ 512 ಎಂಬಿ ಮಾಡ್ರಿ. ಆಫೀಸ್ ಕೆಲಸಕ್ಕ ಅಷ್ಟು ಸಾಕು, ಹೆಚ್ಚು ಬೇಕಾದ್ರ ತಾನೇ ಎಳಕೊಳ್ತದ. ಗ್ರಾಫಿಕ್ ಕಾರ್ಡ್ ಇದ್ದ ಪಿಸಿಯೊಳಗೂ ಹಿಂಗ ಕಡಿಮಿ ತೋರಿಸಿದ್ರ ಎಂಎಸ್‌ಕಾನ್ಫಿಗ್, ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗ "ಮ್ಯಾಕ್ಸಿಮಮ್ ಮೆಮರಿ" ಟಿಕ್ ಬಿದ್ದದೇನು ನೋಡಿ ತೆಗೀರಿ. ಪಿಸಿ ಸ್ಪೀಡ್ ಆಗ್ತದ ಅಂತ ಯಾರೋ ಹಚ್ಚಿರ್ತಾರ. ಅದೂ ಇಲ್ಲಂದ್ರ ಸ್ಟಿಕ್ ಸರಿ ಕುಂತಿಲ್ಲ, ಎರಡೂ ಕಡಿ ಕ್ಲಿಪ್ ಟಕ್ ಅನ್ನೂತನ ಒತ್ರಿ. 32-ಬಿಟ್ ವಿಂಡೋಸ್ ಇದ್ರ ಮಾತ್ರ ಏನ್ ಮಾಡಿದ್ರೂ ಮೂರೂವರೀ ಜಿಬಿ ಆಸುಪಾಸಿಗೇ ನಿಂತು ಬಿಡ್ತದ.

ತೊಗರಿ_ಡಿಟಿಪಿ, ಕಲಬುರಗಿ

2666, ಟಿಆರ್‌ಎಫ್‌ಸಿ 468 ಹಾಕೀನಿ. ರಾತ್ರಿ ಮೆಮ್‌ಟೆಸ್ಟ್86 ನಾಲ್ಕು ಪಾಸ್, ಎರರ್ ಸೊನ್ನಿ. ಇವತ್ತ ಮಧ್ಯಾಹ್ನ ಹನ್ನೆರಡರಿಂದ ಮೂರೂತನ ಬಾಗಿಲ ಮುಚ್ಚಿ ಟೆಸ್ಟ್‌ಮೆಮ್5, ಜೋಡೀಗೆ ಗ್ರಾಫಿಕ್ ಲೋಡ್. ಸೊನ್ನಿ. ಆಸೀಗೆ ಒಮ್ಮೆ 2933ಕ್ಕ ಟಿಆರ್‌ಎಫ್‌ಸಿ 514 ಕೊಟ್ಟು ನೋಡ್ದೆ: ರಾತ್ರಿ ಪಾಸ್, ಮಧ್ಯಾಹ್ನ 40 ನಿಮಿಷಕ್ಕ ಒಂದು ಎರರ್. ಮತ್ತ 2666ಕ್ಕೇ ಬಂದೀನಿ. ಇನ್ನ ವಿಂಡೋಸ್ ರಿಪೇರಿ ಮಾಡಬೇಕೇನು?

ಬೀದರ್_ಬೆಂಚ್, ಬೀದರ್

ಮಾಡಬೇಕು, ಈಗಲೇ ಮಾಡಬೇಕು. ಮೊದಲೇ ಮಾಡಿದ್ದರೆ ರಿಪೇರಿಯಾದ ಫೈಲನ್ನೇ ತಪ್ಪು ಸೆಟ್ಟಿಂಗಿನ ರ‍್ಯಾಮ್ ದಾಟಿಸಿ ಇನ್ನಷ್ಟು ಹಾಳು ಮಾಡುತ್ತಿದ್ದಿರಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಹಳೇ ಕರ್ನಲ್ ಚಿತ್ರವೇ ಡಿಸ್ಕಿನಿಂದ ಮರಳಿ ಬರುತ್ತೆ. ಆಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ವಿಂಡೋಸ್ ಫೈಲ್ ಸರಿಮಾಡುವ ಡಿಸ್ಮ್‌ನ ರಿಸ್ಟೋರ್ ಹೆಲ್ತ್, ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ, ಕೊನೆಗೆ ಸಿ ಡ್ರೈವಿಗೆ ಚೆಕ್ ಡಿಸ್ಕ್.

ಹೋದ ವಾರದಿಂದ ಈಚೆಗೆ ಸೇವ್ ಮಾಡಿದ ಆಲ್ಬಮ್ ಫೈಲುಗಳನ್ನು ಒಂದೊಂದಾಗಿ ತೆರೆದು, ನೂರು ಪರ್ಸೆಂಟ್ ಜೂಮ್‌ನಲ್ಲಿ ನೋಡಿ. ಕ್ಯಾಮೆರಾ ಕಾರ್ಡಿನಿಂದ ಆ ವಾರ ಕಾಪಿ ಮಾಡಿದ್ದು ಕಾರ್ಡಿನಲ್ಲಿ ಇನ್ನೂ ಇದ್ದರೆ ಮತ್ತೊಮ್ಮೆ ಕಾಪಿ ಮಾಡಿಕೊಳ್ಳಿ, ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಸಿಆರ್2032 ಬದಲಿಸುವುದು ಮರೆಯಬೇಡಿ, ಮೂರು ವೋಲ್ಟಿನದು, ಪ್ಲಸ್ ಮೇಲ್ಮುಖ. ಬದಲಿಸುವ ಮೊದಲು ಬಯಾಸ್‌ನ ಈ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಬ್ಯಾಟರಿ ತೆಗೆದ ಕ್ಷಣ 468 ಹೋಗಿ ಎಲ್ಲ ಮತ್ತೆ ಡಿಫಾಲ್ಟ್ ಆಗುತ್ತೆ. ಆಗ ಎಕ್ಸ್‌ಎಂಪಿ ಒತ್ತಿಬಿಟ್ಟರೆ ಮತ್ತದೇ 416.